ಗೋಡೆಯ ಮೇಲಿನ ಪಟ



ನಮ್ಮ ಮನೆಗಳಲ್ಲಿ ಒಂದು ಪಟಕ್ಕೆ ಹಾರ ಬಿದ್ದಿದೆ ಎಂದರೆ ಬಂದವರು ಏನನ್ನೂ ಕೇಳಬೇಕಾಗಿಲ್ಲ. ಪಡಸಾಲೆಗೆ ಕಾಲಿಟ್ಟವರು ಗೋಡೆಯತ್ತ ಒಮ್ಮೆ ನೋಡಿ ದನಿ ತಗ್ಗಿಸುತ್ತಾರೆ. ಬದುಕಿರುವವರ ಫೋಟೋಗೆ ಆಟಕ್ಕೂ ಹಾರ ಹಾಕಬಾರದೆಂದು ಹಿರಿಯರು ಮಕ್ಕಳನ್ನು ಗದರುವುದು ಇದೇ ಕಾರಣಕ್ಕೆ. ಯಾರದೋ ಮದುವೆಯಲ್ಲಿ ತೆಗೆಸಿದ ಗುಂಪುಚಿತ್ರದಿಂದ ಕತ್ತರಿಸಿ ದೊಡ್ಡದು ಮಾಡಿಸಿದ ಮುಖ ಅದು; ಅದೇ ನಗು, ಅದೇ ಹೊಸ ಅಂಗಿ. ಒಂದೆಳೆ ಹೂವು ಬಿದ್ದೊಡನೆ ಅದರ ಅರ್ಥ ಪೂರ್ತಿ ಬದಲಾಗುತ್ತದೆ. ಕ್ಯಾಮೆರಾದಿಂದ ಆಗದ ಕೆಲಸವನ್ನು ಹಾರ ಮಾಡಿ ಮುಗಿಸುತ್ತದೆ. ಈಜಿಪ್ಟಿನ ಮಿನ್ಯಾ ಪ್ರಾಂತ್ಯದಲ್ಲಿ, ಸಮಾಲುತ್ ಪಟ್ಟಣದ ಆಸುಪಾಸಿನಲ್ಲಿ, ಅಲ್-ಔರ್ ಎಂಬ ಹಳ್ಳಿಯಿದೆ. ಅಲ್ಲಿನ ಹತ್ತಾರು ಮನೆಗಳ ಗೋಡೆಯಲ್ಲೂ ಇಂಥ ಪಟಗಳಿವೆ. ಗುರುತಿನ ಚೀಟಿಗೆ ತೆಗೆಸಿಕೊಂಡಂಥ ನೇರನೋಟದ ಮುಖಗಳು. ಒಂದೊಂದರ ತಲೆಯ ಮೇಲೂ ಕಂಪ್ಯೂಟರಿನಲ್ಲಿ ಕೂರಿಸಿದ ಚಿನ್ನದ ಬಣ್ಣದ ಕಿರೀಟ. ನಾನಿಂದು ಮಾತನಾಡಲು ಹೊರಟಿರುವುದು ಆ ಕಿರೀಟದ ಬಗ್ಗೆ. ಅಲ್ಪಸಂಖ್ಯಾತ ಸಮುದಾಯವೊಂದರ ದುಃಖವನ್ನು ಚಿತ್ರದಲ್ಲಿ ಹಿಡಿಯಬಹುದೆ, ಹಿಡಿಯುವುದಾದರೆ ಹೇಗೆ ಎಂಬ ಪ್ರಶ್ನೆಗೆ ನನಗೆ ಸಿಕ್ಕ ಅತ್ಯಂತ ಗಟ್ಟಿಯಾದ ಉತ್ತರ ಆ ಗೋಡೆಯ ಮೇಲಿದೆ.

ಮಿನ್ಯಾ ಕಡೆಯ ಹಳ್ಳಿಗಳ ಗಂಡಸರು ಕೂಲಿ ಅರಸಿಕೊಂಡು ಲಿಬಿಯಾಕ್ಕೆ ಹೋಗುವುದು ಹಳೆಯ ರೂಢಿ. ಹಾಗೆ ಹೋದ ಕೂಲಿಯಾಳುಗಳನ್ನು 2014ರ ಡಿಸೆಂಬರ್ ಕೊನೆಯಲ್ಲೂ 2015ರ ಜನವರಿ ಆರಂಭದಲ್ಲೂ ಸಿರ್ತ್ ನಗರದಲ್ಲಿ ಅಪಹರಿಸಲಾಯಿತು. ಫೆಬ್ರವರಿ 15ರಂದು ಐಸಿಸ್ ಒಂದು ವಿಡಿಯೊವನ್ನು ಬಿಡುಗಡೆ ಮಾಡಿತು. ಕಡಲ ದಂಡೆ, ಸಾಲಾಗಿ ಮಂಡಿಯೂರಿದ 21 ಜನ, ಎಲ್ಲರಿಗೂ ಕಿತ್ತಳೆ ಬಣ್ಣದ ಒಂದೇ ಬಗೆಯ ಉಡುಪು, ಒಬ್ಬೊಬ್ಬನ ಹಿಂದೆ ಕಪ್ಪು ಬಟ್ಟೆ ತೊಟ್ಟ ಮುಸುಕಿನ ಕೊಲೆಗಾರ. ಸತ್ತವರಲ್ಲಿ 20 ಮಂದಿ ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರು, ಒಬ್ಬ ಘಾನಾ ದೇಶದವನು. 13 ಮಂದಿ ಅಲ್-ಔರ್ ಒಂದೇ ಊರಿನವರು. ಆ ವಿಡಿಯೊ ಗಡಿಬಿಡಿಯಲ್ಲಿ ತೆಗೆದದ್ದಲ್ಲ. ಕ್ಯಾಮೆರಾವನ್ನು ಎಲ್ಲಿಡಬೇಕು, ನಡಿಗೆ ಎಲ್ಲಿ ನಿಧಾನವಾಗಬೇಕು, ಅಲೆ ಯಾವಾಗ ಕಾಣಬೇಕು ಎಂಬುದನ್ನೆಲ್ಲ ಯೋಚಿಸಿಯೇ ಮಾಡಿದ ಕೆಲಸ ಅದು. ಸತ್ತವರ ಹೆಸರು ಅದರಲ್ಲಿ ಎಲ್ಲೂ ಇಲ್ಲ. ಅವರು 'ಶಿಲುಬೆಯ ಜನ' ಮಾತ್ರ. ಒಂದೇ ಉಡುಪು ತೊಡಿಸಿದ್ದು ಅವರನ್ನು ಒಂದು ಸಾಲಾಗಿ, ಒಂದು ಬಣ್ಣವಾಗಿ ಕರಗಿಸುವುದಕ್ಕೆ. ಜಗತ್ತಿನ ಪತ್ರಿಕೆಗಳು ಆ ವಿಡಿಯೊದಿಂದಲೇ ಒಂದು ಚೌಕಟ್ಟನ್ನು ಎತ್ತಿ ಮುಖಪುಟಕ್ಕೆ ಹಾಕಿದವು. ಕತ್ತಿಯ ಭಾಗವನ್ನು ಬಿಟ್ಟವು ನಿಜ. ಆದರೆ ಕೊಲೆಗಾರರು ಆರಿಸಿದ ಕೋನ, ಅವರು ತೊಡಿಸಿದ ಬಟ್ಟೆ, ಅವರು ಕಟ್ಟಿದ ಸಾಲು ಹಾಗೆಯೇ ಉಳಿದವು. ಖಂಡಿಸುವುದಕ್ಕೆ ಅಚ್ಚು ಮಾಡಿದರೂ ನೋಡಿದ್ದು ಕೊಲೆಗಾರನ ಕಣ್ಣಿನಿಂದಲೇ.

ಊರಿನವರು ಏನು ಮಾಡಿದರು ಎನ್ನುವುದು ನನ್ನ ವಾದದ ಮೂಲ ಆಧಾರ. ಅವರು ಆ ಸಾಲನ್ನು ಬಿಡಿಸಿದರು. ಒಬ್ಬೊಬ್ಬನ ಹಳೆಯ ಭಾವಚಿತ್ರವನ್ನು ಹುಡುಕಿ, ದೊಡ್ಡದು ಮಾಡಿಸಿ, ಕಿರೀಟ ಇಡಿಸಿ, ಹೆಸರು ಬರೆಸಿ ಗೋಡೆಗೆ ಹಾಕಿದರು. ಸತ್ತವರಲ್ಲಿ ಇಬ್ಬರಿಗೆ ಸಹೋದರನಾಗಬೇಕಾದ ಒಬ್ಬಾತ ಕ್ರೈಸ್ತ ಟಿ.ವಿ. ವಾಹಿನಿಯೊಂದರ ನೇರಪ್ರಸಾರಕ್ಕೆ ಫೋನ್ ಮಾಡಿ, ತನ್ನವರು ಕೊನೆಯ ಗಳಿಗೆಯಲ್ಲಿ ಯೇಸುವಿನ ಹೆಸರು ಹೇಳಿದ್ದನ್ನು ಕೊಲೆಗಾರರು ಕತ್ತರಿಸದೆ ಉಳಿಸಿದ್ದಕ್ಕೆ ಕೃತಜ್ಞತೆ ಹೇಳಿದ. ಕೇಳಿದವರು ಬೆಚ್ಚಿದರು. ಅವನ ಮಾತಿನಲ್ಲಿ ಒಂದು ಸ್ಪಷ್ಟವಾದ ಕೆಲಸ ನಡೆದಿತ್ತು: ಬೆದರಿಸಲು ಮಾಡಿದ ದೃಶ್ಯವನ್ನು ಅವನು ಸಾಕ್ಷ್ಯವಾಗಿ ತಿರುಗಿಸಿಕೊಂಡಿದ್ದ. ಕಾಪ್ಟಿಕ್ ಪೋಪ್ ಎರಡನೆಯ ತವದ್ರೋಸ್ ಅವರು 21 ಮಂದಿಯನ್ನೂ ಹುತಾತ್ಮರ ಪಂಚಾಂಗಕ್ಕೆ ಸೇರಿಸಿದರು. ಅಮೆರಿಕದಲ್ಲಿ ನೆಲೆಸಿದ ಕಾಪ್ಟಿಕ್ ಕಲಾವಿದ ಟೋನಿ ರಿಜ್ಕ್ ಬರೆದ ಐಕಾನಿನಲ್ಲಿ, ಅಂದರೆ ಪೂಜೆಯ ಸಂತಚಿತ್ರದಲ್ಲಿ, ಆ ಕಿತ್ತಳೆ ಬಣ್ಣ ಹಾಗೆಯೇ ಉಳಿಯಿತು, ಮುಸುಕಿನವರು ಮಾಯವಾದರು, ಮೇಲಿನಿಂದ ಕಿರೀಟಗಳು ಇಳಿದುಬಂದವು. ಅವಮಾನಕ್ಕೆಂದು ತೊಡಿಸಿದ ಬಟ್ಟೆ ಅಲ್ಲಿ ಹಬ್ಬದ ಬಟ್ಟೆಯಾಗಿದೆ. ಜರ್ಮನ್ ಲೇಖಕ ಮಾರ್ಟಿನ್ ಮೋಸೆಬಾಖ್ ಈ ಕುಟುಂಬಗಳನ್ನು ಹುಡುಕಿಕೊಂಡು ಹೋಗಿ, 2018ರಲ್ಲಿ ಪುಸ್ತಕ ಪ್ರಕಟಿಸಿದರು. ಮನೆಯವರು ಆ ಪೂರ್ತಿ ವಿಡಿಯೊವನ್ನು ಐಪ್ಯಾಡಿನಲ್ಲಿ ಇಟ್ಟುಕೊಂಡು, ನೋಡಿ, ಬಂದವರಿಗೂ ತೋರಿಸುತ್ತಿದ್ದುದನ್ನು ಅವರು ದಾಖಲಿಸಿದ್ದಾರೆ. ಇಂಥದ್ದನ್ನು ತೋರಿಸಲೇಬಾರದು ಎಂಬ ನಮ್ಮ ಸರಳ ನಿಯಮಕ್ಕೆ ಇದು ನುಂಗಲಾರದ ತುತ್ತು.

ಹಾಗಾಗಿ ನನ್ನ ವಾದವನ್ನು ಇಲ್ಲಿಯೇ ಇಡುತ್ತೇನೆ. ದುಃಖದ ಚಿತ್ರ ಒಳ್ಳೆಯದೋ ಕೆಟ್ಟದ್ದೋ ಎಂಬುದು ಅದರಲ್ಲಿ ಎಷ್ಟು ರಕ್ತವಿದೆ, ಎಷ್ಟು ಕಣ್ಣೀರಿದೆ ಎನ್ನುವುದರಿಂದ ನಿರ್ಧಾರವಾಗುವುದಿಲ್ಲ. ಅದು ಯಾರ ಗೋಡೆಗೆ ಸಲ್ಲುತ್ತದೆ ಎನ್ನುವುದರಿಂದ ಆಗುತ್ತದೆ. ಸತ್ತವನ ಮನೆಯವರು ಅದನ್ನು ತಮ್ಮದೆಂದು ಕೈಗೆತ್ತಿಕೊಳ್ಳಬಲ್ಲರೆ, ಅದರ ಮುಂದೆ ಒಂದು ದೀಪ ಹಚ್ಚಬಲ್ಲರೆ, ಅದನ್ನು ತೋರಿಸಿ ನ್ಯಾಯ ಕೇಳಬಲ್ಲರೆ, ಮೊಮ್ಮಕ್ಕಳಿಗೆ ಇವನು ಇಂಥವನಾಗಿದ್ದ ಎಂದು ಹೇಳಬಲ್ಲರೆ ಆ ಚಿತ್ರಕ್ಕೆ ಬೆಲೆಯಿದೆ. ಅವರಿಗೆ ಯಾವ ಉಪಯೋಗಕ್ಕೂ ಬಾರದೆ, ದೂರದವರ ಮನ ಕಲಕಿ ಅಲ್ಲಿಗೇ ಮುಗಿಯುವ ಚಿತ್ರ, ಎಷ್ಟೇ ಸುಂದರವಾಗಿರಲಿ, ಎಷ್ಟೇ ಪ್ರಶಸ್ತಿ ಪಡೆದಿರಲಿ, ಅವರಿಂದ ಏನನ್ನೋ ಕಸಿದುಕೊಂಡ ಚಿತ್ರ. ಫ್ರಾನ್ಸಿನ ಚಿಂತಕ ರೋಲಾ ಬಾರ್ತ್ ಫೋಟೋಗ್ರಫಿಯ ಬಗ್ಗೆ 1980ರಲ್ಲಿ ಪ್ರಕಟಿಸಿದ ಪುಸ್ತಕದ ನಡುಮನೆಯಲ್ಲಿ ಇರುವುದು ತೀರಿಕೊಂಡ ತಾಯಿಯ ಬಾಲ್ಯದ ಒಂದು ಚಿತ್ರ. ಪುಸ್ತಕದ ತುಂಬ ಬೇರೆ ಚಿತ್ರಗಳಿವೆ, ಆ ಒಂದನ್ನು ಮಾತ್ರ ಅವನು ಅಚ್ಚು ಮಾಡಲಿಲ್ಲ. ತನಗೆ ಅದು ತಾಯಿ, ಓದುಗನಿಗೆ ಅದು ಹಳೆಯ ಕಾಲದ ಯಾವುದೋ ಹುಡುಗಿ ಎಂದು ಅವನಿಗೆ ಗೊತ್ತಿತ್ತು. ಬಾರ್ತ್ ಚಿತ್ರವನ್ನು ಒಳಗಿಟ್ಟ. ಅಲ್-ಔರ್ ಜನ ಬೀದಿಯ ಬ್ಯಾನರಿಗೂ ಏರಿಸಿದರು. ಎರಡರಲ್ಲೂ ನಿರ್ಧಾರ ಮಾಡಿದ್ದು ದುಃಖ ಹೊತ್ತವರು. ಕಿರೀಟವಿಟ್ಟ ಆ ಬ್ಯಾನರುಗಳನ್ನು ನೋಡಿ ಅಭಿರುಚಿಯುಳ್ಳವರು ಮುಖ ಸಿಂಡರಿಸಬಹುದು, ನಮ್ಮ ಬಸ್‌ಸ್ಟ್ಯಾಂಡುಗಳ 'ಭಾವಪೂರ್ಣ ಶ್ರದ್ಧಾಂಜಲಿ' ಫ್ಲೆಕ್ಸ್ ಕಂಡಾಗ ಮಾಡುವ ಹಾಗೆ. ನಾನು ಆ ಫ್ಲೆಕ್ಸಿನ ಪರ. ಅದರಲ್ಲಿ ಹೆಸರಿದೆ, ಹುಟ್ಟಿದ ದಿನವಿದೆ, ಹೋದ ದಿನವಿದೆ, ದುಃಖತಪ್ತರ ಪಟ್ಟಿಯಿದೆ. ಒಬ್ಬ ಮನುಷ್ಯ ಯಾರ ಯಾರ ನಡುವೆ ಬದುಕಿದ್ದ ಎಂಬುದನ್ನು ಅಷ್ಟು ಪೂರ್ಣವಾಗಿ ಹೇಳುವ ಪತ್ರಿಕಾಚಿತ್ರಗಳು ಅಪರೂಪ.

ಈ ಶಕ್ತಿ ಆ ಹಳ್ಳಿಗರಿಗೆ ಎಲ್ಲಿಂದ ಬಂತು ಎಂದು ಕೇಳಬೇಕು. ಪರಂಪರೆ ಎಂಬ ಮಾತಿಗೆ ನಿಜವಾದ ಅರ್ಥ ಸಿಗುವುದು ಇಲ್ಲಿ. ಈಜಿಪ್ಟಿನ ಜನಸಂಖ್ಯೆಯಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಎಂದು ಸಾಮಾನ್ಯವಾಗಿ ಅಂದಾಜು ಮಾಡುವ ಕಾಪ್ಟರು, ತಮ್ಮ ವರ್ಷವನ್ನು ಎಣಿಸುವುದು ಕ್ರಿ.ಶ. 284ರಿಂದ. ಅದು ರೋಮನ್ ಚಕ್ರವರ್ತಿ ಡಯೋಕ್ಲೀಷಿಯನ್ ಪಟ್ಟಕ್ಕೆ ಬಂದ ವರ್ಷ, ಅವನ ಕಾಲದಲ್ಲಿ ಕ್ರೈಸ್ತರ ಮೇಲೆ ನಡೆದ ಕ್ರೌರ್ಯದ ನೆನಪಿಗೆ ಇಟ್ಟ ಗುರುತು; ಆ ಶಕೆಗೆ 'ಹುತಾತ್ಮರ ಶಕೆ' ಎಂದೇ ಹೆಸರು. ಸೆಪ್ಟೆಂಬರ್ 11ರ ಸುಮಾರಿಗೆ ಬರುವ ಅವರ ಹೊಸ ವರ್ಷದ ಹಬ್ಬ ನೈರೂಜ್. ಆ ದಿನ ಕೆಂಪು ಖರ್ಜೂರ ತಿನ್ನುತ್ತಾರೆ. ಖರ್ಜೂರದ ಕೆಂಪು ಸಿಪ್ಪೆ ಹುತಾತ್ಮರ ರಕ್ತ, ಒಳಗಿನ ಬಿಳಿ ತಿರುಳು ಅವರ ಮನಸ್ಸು, ಕಚ್ಚಿದರೂ ಒಡೆಯದ ಬೀಜ ಅವರ ನಂಬಿಕೆ ಎಂದು ಮಕ್ಕಳಿಗೆ ಹೇಳಿಕೊಡುತ್ತಾರೆ. ಯುಗಾದಿಯ ಬೇವು-ಬೆಲ್ಲ ಬಾಯಿಗಿಟ್ಟು ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪೂಜೆಯಲ್ಲಿ ಅಂದಂದಿನ ಸಂತರ, ಹುತಾತ್ಮರ ಚರಿತ್ರೆಯನ್ನು ಓದುವ ಪದ್ಧತಿಯಿದೆ. ಅಂದರೆ ಸಾವಿನ ಸುದ್ದಿ ಆ ಹಳ್ಳಿಗೆ ಬಂದಾಗ ಅದನ್ನು ಇಡಲು ಒಂದು ಗೂಡು ಆಗಲೇ ಸಿದ್ಧವಿತ್ತು. ಮಣಿಕಟ್ಟಿನ ಒಳಬದಿಯಲ್ಲಿ ಚಿಕ್ಕಂದಿನಲ್ಲೇ ಹಚ್ಚೆ ಹಾಕಿಸಿಕೊಳ್ಳುವ ಸಣ್ಣ ಶಿಲುಬೆಯೂ ಆ ಗೂಡಿನ ಒಂದು ಗುರುತು. ಐಸಾಕ್ ಫಾನೂಸ್ 20ನೆಯ ಶತಮಾನದಲ್ಲಿ ಕಟ್ಟಿ ಬೆಳೆಸಿದ ಹೊಸ ಕಾಪ್ಟಿಕ್ ಶೈಲಿಯ ಐಕಾನುಗಳಲ್ಲಿ ಮುಖಗಳು ನೇರ ನಮ್ಮತ್ತ ತಿರುಗಿರುತ್ತವೆ, ಕಣ್ಣು ದೊಡ್ಡದು, ಬಾಯಿ ಚಿಕ್ಕದು. ಹೀಗೆ ನೇರ ನೋಡುವ ಮುಖಗಳನ್ನು ನೋಡುತ್ತ ಬೆಳೆದ ಜನಕ್ಕೆ, ಕಚೇರಿಯ ಅರ್ಜಿಗೆ ತೆಗೆಸಿದ ಫೋಟೋ ಐಕಾನಿನ ಹತ್ತಿರದ ನೆಂಟನಂತೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಅಧಿಕಾರಿಗೆಂದು ತೆಗೆಸಿದ ಮುಖ ಕಿರೀಟವೊಂದು ಬಂದದ್ದೇ ಸಂತನ ಮುಖವಾಯಿತು.

ಇದನ್ನು ಒಪ್ಪಿದರೆ, ದುಃಖ, ತಾಳಿಕೆ, ಪರಂಪರೆ ಎಂದು ಮೂರು ಬೇರೆ ಬೇರೆ ಖಾನೆ ಮಾಡಿ ಚಿತ್ರ ತೆಗೆಯುವ ರೂಢಿಯೇ ತಪ್ಪೆಂದು ಒಪ್ಪಬೇಕಾಗುತ್ತದೆ. ದುಃಖದ ಚಿತ್ರವೆಂದರೆ ಕಪ್ಪು ಬಟ್ಟೆಯ ಹೆಂಗಸು ಬಾಯಿ ತೆರೆದು ಅಳುವುದು. ಪರಂಪರೆಯ ಚಿತ್ರವೆಂದರೆ ಯಾರೂ ಇಲ್ಲದ ಹಳೆಯ ಚರ್ಚಿನ ಕಂಬಗಳ ಮೇಲೆ ಬೆಳಕು ಬೀಳುವುದು. ಪರಂಪರೆಯ ಚಿತ್ರ ತೆಗೆಯುವವರು ಜನ ಹೊರಗೆ ಹೋಗಲಿ ಎಂದು ಕಾಯುತ್ತಾರೆ. ಕಾಪ್ಟಿಕ್ ಚರ್ಚುಗಳಲ್ಲಿ ಸಂತರ ಅವಶೇಷಗಳನ್ನು ಮಖಮಲ್ಲಿನ ಬಟ್ಟೆ ಹೊದಿಸಿದ ಕೊಳವೆಯಾಕಾರದ ಪೆಟ್ಟಿಗೆಯಲ್ಲಿ ಇಟ್ಟಿರುತ್ತಾರೆ. ಬಂದವರು ಅದನ್ನು ಮುಟ್ಟಿ, ಬೆರಳನ್ನು ತುಟಿಗೊತ್ತಿಕೊಂಡು, ಒಂದು ಚೀಟಿಯಲ್ಲಿ ಹರಕೆ ಬರೆದು ಹತ್ತಿರ ಸಿಕ್ಕಿಸಿ ಹೋಗುತ್ತಾರೆ. ಆ ಮಖಮಲ್ಲಿನ ಮೇಲೆ ಕೈ ಸವರಿದ ಕಡೆ ಹೊಳಪು ಮಾಸಿರುತ್ತದೆ. ಕಂಬದಷ್ಟೇ ಪರಂಪರೆ ಆ ಮಾಸಿದ ಜಾಗವೂ ಹೌದು. ಜನರಿಲ್ಲದ ಚಿತ್ರದಲ್ಲಿ ಅದು ಬಟ್ಟೆಯ ಮೇಲಿನ ಒಂದು ಕಲೆ. ಕೆಂಪು ಸಮುದ್ರದ ಕಡೆಯ ಮರುಭೂಮಿಯಲ್ಲಿರುವ ಸಂತ ಅಂತೋನಿಯ ಮಠದ ಹಳೆಯ ಚರ್ಚಿನಲ್ಲಿ ಥಿಯೊಡೋರ್ ಎಂಬ ವರ್ಣಚಿತ್ರಕಾರ 1232-33ರಲ್ಲಿ ಬರೆದ ಗೋಡೆಚಿತ್ರಗಳಿವೆ. ಶತಮಾನಗಳ ದೀಪದ, ಧೂಪದ ಹೊಗೆಯಿಂದ ಅವು ಕರಿಯಾಗಿ ಮುಚ್ಚಿಹೋಗಿದ್ದವು. 1990ರ ದಶಕದಲ್ಲಿ ಇಟಲಿಯ ಪರಿಣತರು ಶುಚಿ ಮಾಡಿದಾಗ ಕುದುರೆ ಏರಿದ ಹುತಾತ್ಮರ ಸಾಲೇ ಬಣ್ಣಬಣ್ಣವಾಗಿ ಎದ್ದುಬಂತು. ಶುಚಿಯಾದ ಗೋಡೆಯ ಚಿತ್ರ ಜಗತ್ತಿಗೆಲ್ಲ ಇಷ್ಟವಾಯಿತು, ನನಗೂ ಇಷ್ಟ. ಆದರೆ ಶುಚಿ ಮಾಡುವ ಮೊದಲು ತೆಗೆದ ಕರಿಗೋಡೆಯ ಚಿತ್ರವೂ ಅಷ್ಟೇ ಮುಖ್ಯವೆಂದು ನಾನು ನಂಬುತ್ತೇನೆ. ಬಿಡದೆ ದೀಪ ಹಚ್ಚಿದವರು ಯಾರೋ ಇದ್ದರು ಎನ್ನುವುದಕ್ಕೆ ಆ ಮಸಿಯೇ ಪುರಾವೆ.

ತಾಳಿಕೆ ಎಂಬ ಖಾನೆಯದು ಇನ್ನೂ ಕಷ್ಟ. ಸುಟ್ಟ ಕಟ್ಟಡದ ಮುಂದೆ ನಗುವ ಮಗು, ಬೂದಿಯ ನಡುವೆ ಒಂದು ಮೇಣದ ಬತ್ತಿ: ಇಂಥವನ್ನು ನಾವು ಬೇಗ ಮೆಚ್ಚುತ್ತೇವೆ, ಏಕೆಂದರೆ ಅವು ನಮ್ಮ ಹೊರೆ ಇಳಿಸುತ್ತವೆ. ಅವರು ಹೇಗೋ ತಡೆದುಕೊಂಡರಲ್ಲ ಎಂದು ಸಮಾಧಾನವಾಗುತ್ತದೆ. ತಡೆದುಕೊಂಡವರನ್ನು ಹೊಗಳುವಾಗ ತಡೆದುಕೊಳ್ಳಬೇಕಾದ ಸ್ಥಿತಿಯನ್ನು ತಂದವರು ಚಿತ್ರದಿಂದ ಜಾರಿಕೊಳ್ಳುತ್ತಾರೆ. 2013ರ ಆಗಸ್ಟ್ 14ರಂದು ಕೈರೋದಲ್ಲಿ ಪದಚ್ಯುತ ಅಧ್ಯಕ್ಷನ ಬೆಂಬಲಿಗರ ಧರಣಿಯನ್ನು ಭದ್ರತಾ ಪಡೆಗಳು ಅಪಾರ ಸಾವುನೋವಿನೊಡನೆ ತೆರವುಗೊಳಿಸಿದವು. ಅದರ ಬೆನ್ನಿಗೇ ಈಜಿಪ್ಟಿನ ಹಲವೆಡೆ ಚರ್ಚುಗಳ ಮೇಲೆ ಗುಂಪುಗಳು ಮುಗಿಬಿದ್ದವು; 42 ಚರ್ಚುಗಳು ದಾಳಿಗೆ ತುತ್ತಾದುದನ್ನು ಹ್ಯೂಮನ್ ರೈಟ್ಸ್ ವಾಚ್ ಲೆಕ್ಕ ಹಾಕಿತು. ಮಿನ್ಯಾ ಪ್ರಾಂತ್ಯಕ್ಕೆ ಬಿದ್ದ ಪೆಟ್ಟು ದೊಡ್ಡದು. ಸುಟ್ಟ ಚರ್ಚುಗಳೊಳಗೆ, ಕರಿಗಟ್ಟಿದ ಗೋಡೆಗಳ ನಡುವೆ ಪೂಜೆ ನಡೆಸಿದ ಚಿತ್ರಗಳು ಆಗ ಬಂದವು. ಆ ಚಿತ್ರಗಳನ್ನು 'ಸೋಲದ ನಂಬಿಕೆ' ಎಂಬ ಒಂದೇ ತಲೆಬರಹದಡಿ ಓದಿದರೆ ಅರ್ಧ ಓದಿದಂತೆ. ಬೆಂಕಿ ಬಿದ್ದ ಹೊತ್ತಿನಲ್ಲಿ ಪೊಲೀಸರು ಎಲ್ಲಿದ್ದರು ಎಂಬ ಪ್ರಶ್ನೆ ಅದೇ ಗೋಡೆಯ ಮೇಲಿದೆ. ನಮ್ಮ ಭಾಷೆಯಲ್ಲಿ ತಾಳುವುದು ಎನ್ನುವುದಕ್ಕೆ ಸಹಿಸುವುದು ಎಂದೂ ಬಾಳಿಕೆ ಬರುವುದು ಎಂದೂ ಎರಡರ್ಥವಿದೆ. ಕ್ಯಾಮೆರಾ ಹುಡುಕಬೇಕಾದದ್ದು ಎರಡನೆಯದನ್ನು: ಯಾವುದು ಬಾಳಿಕೆ ಬಂತು, ಅದನ್ನು ಬಾಳಿಕೆ ಬರಿಸಿದ ಕೈ ಯಾವುದು, ಏನು ವೆಚ್ಚವಾಯಿತು ಎನ್ನುವುದನ್ನು.

ಇಲ್ಲಿ ಒಂದು ಬಲವಾದ ಆಕ್ಷೇಪವನ್ನು ಎದುರಿಸಬೇಕು. ಮನೆಯವರ ಗೋಡೆಯೇ ಅಳತೆಗೋಲಾದರೆ ಅನ್ಯಾಯದ ನಗ್ನ ಚಿತ್ರಗಳು ಹೊರಗೆ ಬರುವುದು ಹೇಗೆ? ಯಾವ ಮನೆಯೂ ಗೋಡೆಗೆ ಹಾಕಲಾರದ ಚಿತ್ರಗಳಿಂದಲೇ ಎಷ್ಟೋ ಸಲ ಜಗತ್ತಿನ ಕಣ್ಣು ತೆರೆದಿದೆಯಲ್ಲ? 2011ರ ಅಕ್ಟೋಬರ್ 9ರಂದು, ಅಸ್ವಾನ್ ಪ್ರಾಂತ್ಯದ ಒಂದು ಚರ್ಚಿನ ಮೇಲಾದ ದಾಳಿಯನ್ನು ಪ್ರತಿಭಟಿಸಿ ಕಾಪ್ಟರು ಕೈರೋದಲ್ಲಿ ಮೆರವಣಿಗೆ ಹೊರಟರು. ಮಾಸ್ಪೆರೊ ಎಂದು ಕರೆಯುವ ಸರ್ಕಾರಿ ಟಿ.ವಿ. ಕಟ್ಟಡದ ಎದುರು ಸೇನೆಯ ಶಸ್ತ್ರಸಜ್ಜಿತ ವಾಹನಗಳು ಜನರ ಮೇಲೆ ಹರಿದವು, ಗುಂಡು ಹಾರಿತು. ಸತ್ತವರು ಸುಮಾರು 28, ಹೆಚ್ಚಿನವರು ಕಾಪ್ಟರು. ಪ್ರತಿಭಟನೆಗೆ ಬಂದವರೇ ಸೈನಿಕರ ಮೇಲೆ ಬಿದ್ದರೆಂದು ಸರ್ಕಾರಿ ಟಿ.ವಿ. ಆ ಸಂಜೆ ಸುದ್ದಿ ಬಿತ್ತರಿಸುತ್ತಿತ್ತು. ವಾಹನ ಹರಿಯುವ ದೃಶ್ಯಗಳು ಹೊರಬೀಳದಿದ್ದರೆ ಆ ಸುಳ್ಳೇ ಚರಿತ್ರೆಯಾಗುತ್ತಿತ್ತು. ಆಕ್ಷೇಪ ಸರಿಯಾಗಿಯೇ ಇದೆ. ಆದರೆ ಅದು ನನ್ನ ವಾದವನ್ನು ಮುರಿಯುವುದಿಲ್ಲ, ತಿದ್ದುತ್ತದೆ. ವಾಹನ ಹರಿಯುವ ಚಿತ್ರದ ನಾಯಕ ಸತ್ತವನಲ್ಲ, ವಾಹನ. ಅದು ಮಾಡಿದವನನ್ನು ಹಿಡಿದ ಚಿತ್ರ. ಅದರ ಜಾಗ ನ್ಯಾಯಾಲಯ, ಅದನ್ನು ಅಲ್ಲಿಗೆ ಒಯ್ದು ನ್ಯಾಯ ಕೇಳಬಲ್ಲವರೂ ಮನೆಯವರೇ. ಅದೇ ರಾತ್ರಿಯ ಇನ್ನೊಂದು ದೃಶ್ಯವೂ ಬಹಳ ಹರಡಿತು: ಆಸ್ಪತ್ರೆಯ ಶವಗಳ ನಡುವೆ ಕುಳಿತು, ತಾನು ಮದುವೆಯಾಗಬೇಕಿದ್ದ ಹುಡುಗನ ಕೈಯನ್ನು ಬಿಡದೆ ಹಿಡಿದಿದ್ದ ಹುಡುಗಿ. ಅದನ್ನು ತೋರಿಸಬೇಕಿತ್ತೆ ಎಂದು ಕೇಳಿದರೆ, ಹೌದು ಎನ್ನುವುದು ಸುಲಭವಲ್ಲ. ಆ ಹುಡುಗಿ ಮುಂದೆ ತಾನೇ ಬಾಯಿಬಿಟ್ಟು ಆ ರಾತ್ರಿ ಕಂಡದ್ದನ್ನು ಹೇಳಿದ್ದರಿಂದ ಆ ಚಿತ್ರ ಅವಳ ಸಾಕ್ಷ್ಯವಾಗಿ ನಿಂತಿತು. ಅವಳ ಮಾತು ಜೊತೆಗಿರದಿದ್ದರೆ ಅದು ನಮ್ಮ ಕಣ್ಣೀರಿಗೆ ಒದಗಿದ ವಸ್ತು ಮಾತ್ರವಾಗುತ್ತಿತ್ತು. ನೋವಿನ ಚಿತ್ರಗಳನ್ನು ಮತ್ತೆ ಮತ್ತೆ ನೋಡಿದರೆ ಮನಸ್ಸು ಜಡ್ಡುಗಟ್ಟುತ್ತದೆ ಎಂದು 1977ರಲ್ಲಿ ಬರೆದ ಲೇಖಕಿ ಸೂಸನ್ ಸೊಂಟಾಗ್, 2003ರಲ್ಲಿ ತಮ್ಮದೇ ಮಾತನ್ನು ಮತ್ತೆ ಪರೀಕ್ಷೆಗೆ ಒಡ್ಡಿದರು. ಜಡ್ಡುಗಟ್ಟಿಸುವುದು ಚಿತ್ರಗಳ ಸಂಖ್ಯೆಯಲ್ಲ, ಅವುಗಳಿಗೆ ಅಂಟಿಕೊಂಡ ಮೌನ ಎಂದು ನನಗನಿಸುತ್ತದೆ.

ಎರಡನೆಯ ಆಕ್ಷೇಪ ಕಾಪ್ಟಿಕ್ ಸಮುದಾಯದ ಒಳಗಿನಿಂದಲೇ ಬರುತ್ತದೆ, ಅದು ಇನ್ನೂ ಚುರುಕಾದದ್ದು. ಕಿರೀಟ ಇಟ್ಟುಬಿಟ್ಟರೆ ಕೊಲೆ ಕೊಲೆಯಾಗಿ ಉಳಿಯುತ್ತದೆಯೆ? ಸಾವು ಸ್ವರ್ಗದ ದಾರಿಯಾದ ಮೇಲೆ ಈ ಲೋಕದ ನ್ಯಾಯವನ್ನು ಕೇಳುವವರು ಯಾರು? ಹುತಾತ್ಮನ ಪಟ ಎತ್ತಿದಷ್ಟೂ ನಾಗರಿಕನ ಮುಖ ಮಸುಕಾಗುವುದಿಲ್ಲವೆ? ಈ ಭಯಕ್ಕೆ ಆಧಾರವಿದೆ. ಈಜಿಪ್ಟಿನಲ್ಲಿ ಚರ್ಚು ಕಟ್ಟಲು, ರಿಪೇರಿ ಮಾಡಲು ಕೂಡ ಅನುಮತಿಯ ದೊಡ್ಡ ಜಾಲವಿತ್ತು. 1856ರ ಆಟೊಮನ್ ಫರ್ಮಾನು, 1934ರ ಹತ್ತು ಷರತ್ತುಗಳು ಬಹುಕಾಲ ಈ ವಿಷಯವನ್ನು ಆಳಿದವು. ಪ್ರತ್ಯೇಕ ಕಾನೂನು ಬಂದದ್ದು 2016ರಲ್ಲಿ. ಆ 21 ಮಂದಿಯ ನೆನಪಿಗೆ ಅಲ್-ಔರ್‌ನಲ್ಲಿ ಚರ್ಚು ಕಟ್ಟಲು ಅಧ್ಯಕ್ಷರೇ ಆದೇಶ ಕೊಟ್ಟರೂ ಊರಿನ ಕೆಲವರು ವಿರೋಧಿಸಿ ಕಲ್ಲು ತೂರಿದ್ದರು. 2018ರಲ್ಲಿ ಆ ಚರ್ಚು ತೆರೆಯಿತು. 'ನಂಬಿಕೆಯ ಮತ್ತು ತಾಯ್ನಾಡಿನ ಹುತಾತ್ಮರ ಚರ್ಚು' ಎಂದು ಅದರ ಹೆಸರು. ಆ ಹೆಸರಿನ ಎರಡನೆಯ ಭಾಗದಲ್ಲಿ ಸರ್ಕಾರವೂ ಪಟದಲ್ಲಿ ಜಾಗ ಮಾಡಿಕೊಂಡಿದೆ. ಆದ್ದರಿಂದ ನಾನು ಆಕ್ಷೇಪದ ಮುಕ್ಕಾಲು ಭಾಗವನ್ನು ಒಪ್ಪುತ್ತೇನೆ. ಒಪ್ಪದ ಕಾಲು ಭಾಗ ಇದು: ಕಿರೀಟ ತೆಗೆದುಹಾಕಿದರೆ ನಾಗರಿಕತ್ವ ತಾನಾಗಿ ಬರುವುದಿಲ್ಲ. ಕಿರೀಟದ ಪಟದ ಪಕ್ಕದಲ್ಲಿ ಇನ್ನೂ ಪಟಗಳು ಬೇಕು. ಬಿರುಕುಬಿಟ್ಟು ಅನುಮತಿಗೆ ಕಾಯುತ್ತಿರುವ ಚರ್ಚಿನ ಗೋಡೆಯ ಚಿತ್ರ ಬೇಕು. ಅದು ಕಾಣಲು ಸಪ್ಪೆ, ಆದರೆ ಅದರಷ್ಟು ರಾಜಕೀಯವಾದ ಚಿತ್ರ ಇನ್ನೊಂದಿಲ್ಲ. 2011ರ ಫೆಬ್ರವರಿಯಲ್ಲಿ ತಹ್ರೀರ್ ಚೌಕದಲ್ಲಿ ತೆಗೆದ ಒಂದು ಚಿತ್ರವಿದೆ. ನಡುವೆ ಮುಸ್ಲಿಮರು ನಮಾಜಿಗೆ ಬಾಗಿದ್ದಾರೆ, ಸುತ್ತ ಕ್ರೈಸ್ತರು ಕೈಕೈ ಹಿಡಿದು, ಬಾಗಿದವರಿಗೆ ಬೆನ್ನು ಮಾಡಿ ಹೊರಗಡೆ ನೋಡುತ್ತ ನಿಂತಿದ್ದಾರೆ. ಹಿಡಿದ ಕೈಗಳ ಸರಪಳಿ ಚೌಕಟ್ಟಿನ ಅಂಚಿನಾಚೆಗೂ ಹೋಗುತ್ತದೆ. ಅಲ್ಲಿ ಕಾಪ್ಟರು ಬಲಿಯಾದವರಲ್ಲ, ಕಾಯುವವರು. ಅದಾಗಿ ಎಂಟು ತಿಂಗಳಿಗೆ ಮಾಸ್ಪೆರೊ ನಡೆಯಿತು. ಒಂದೇ ವರ್ಷದ ಈ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಡದೆ ಯಾವುದೊಂದನ್ನೇ ತೋರಿಸಿದರೂ ಅದು ಸುಳ್ಳಾಗುತ್ತದೆ.

ಹಾಗಾದರೆ ಚಿತ್ರ ತೆಗೆಯುವ ಹಕ್ಕು ಒಳಗಿನವರಿಗೆ ಮಾತ್ರವೆ ಎಂದು ಕೇಳಬಹುದು. ಇಲ್ಲ. ಮಸಿ ಒರೆಸಿದವರು ಇಟಲಿಯವರು, ಅಲ್-ಔರ್ ಮನೆಗಳ ಬಗ್ಗೆ ಬರೆದವರು ಜರ್ಮನಿಯವರು. ಹೊರಗಿನವರ ಕಣ್ಣಿಗೆ ಒಳಗಿನವರು ದಿನಾ ನೋಡಿ ಮರೆತದ್ದು ಕಾಣುತ್ತದೆ. ಹೊರಗಿನವರಿಗೆ ಇರಬೇಕಾದದ್ದು ಸಮಯ. ಕಾಪ್ಟರಲ್ಲಿ ಸಾವಾದ ಮೂರನೆಯ ದಿನ ಪಾದ್ರಿ ಮನೆಗೆ ಬಂದು ಪ್ರಾರ್ಥನೆ ಮಾಡುತ್ತಾರೆ, ನಲವತ್ತನೆಯ ದಿನ ಮತ್ತೆ ನೆನೆಯುತ್ತಾರೆ. ಸುದ್ದಿಯ ಕ್ಯಾಮೆರಾಗಳು ಮೊದಲ ದಿನ ಬಂದು ಮೂರನೆಯ ದಿನಕ್ಕೆ ಮುಂಚೆ ಹೊರಟಿರುತ್ತವೆ. ದುಃಖ ತನ್ನ ರೂಪ ಪಡೆಯುವುದು ಅವು ಹೋದ ಮೇಲೆ. ಕನ್ನಡದಲ್ಲಿ ನಾವು ಫೋಟೋ ತೆಗೆಯುವುದು ಎನ್ನುತ್ತೇವೆ. ತೆಗೆದದ್ದನ್ನು ಕೊಡುವುದೂ ಇರಬೇಕು. ಚಿತ್ರದ ಒಂದು ಪ್ರತಿ ಆ ಮನೆಗೆ ತಲುಪಿತೆ, ಕೆಳಗೆ ಬರೆದ ಹೆಸರನ್ನು ಅವರು ಓದಿ ಸರಿಯಿದೆ ಎಂದಿದ್ದಾರೆಯೆ, ಬೇಡವೆಂದದ್ದನ್ನು ಹಿಂದಕ್ಕೆ ತೆಗೆದುಕೊಂಡದ್ದಾಯಿತೆ ಎಂಬ ಸಣ್ಣ ಪ್ರಶ್ನೆಗಳಲ್ಲಿ ಈ ಕಸುಬಿನ ನೀತಿಯೆಲ್ಲ ಅಡಗಿದೆ.

ಈಜಿಪ್ಟಿನ ಮಾತು ನಮಗೇಕೆ ಎಂದುಕೊಳ್ಳುವವರಿಗೆ ಒಂದು ನಂಟನ್ನು ನೆನಪಿಸಬೇಕು. ಉಡುಪಿ ಜಿಲ್ಲೆಯ ಬ್ರಹ್ಮಾವರದಲ್ಲಿ ಕೊಂಕಣಿ ಮಾತಾಡುವ ಆರ್ಥೊಡಾಕ್ಸ್ ಕ್ರೈಸ್ತರಿದ್ದಾರೆ. ಅವರು ಸೇರಿರುವ ಮಲಂಕರ ಸಭೆಯೂ ಕಾಪ್ಟಿಕ್ ಸಭೆಯೂ ಒಂದೇ ಕೂಟದವು. 451ರ ಕ್ಯಾಲ್ಸೆಡಾನ್ ಮಹಾಸಭೆಯ ತೀರ್ಮಾನವನ್ನು ಒಪ್ಪದ ಸಭೆಗಳ ಬಳಗ ಅದು. ಅಲ್-ಔರ್ ಹುತಾತ್ಮರು ನಮ್ಮ ಕರಾವಳಿಯ ಆ ಮನೆಗಳಿಗೆ ಪೂರ್ತಿ ಪರರಲ್ಲ. ಇನ್ನೂ ಹತ್ತಿರದ ಮಾತು ಬೇಕಾದರೆ 2008ರ ಸೆಪ್ಟೆಂಬರ್ 14 ಇದೆ. ಮಂಗಳೂರಿನ ಮಿಲಾಗ್ರಿಸ್ ಬಳಿಯ ಆರಾಧನಾ ಮಠದಲ್ಲಿ ದಾಳಿಕೋರರು ಒಡೆದ ಶಿಲುಬೆಯ ಚಿತ್ರ ಆ ದಿನಗಳ ಪತ್ರಿಕೆ ನೋಡಿದವರ ಕಣ್ಣಿನಲ್ಲಿ ಉಳಿದಿದೆ. ಅದಕ್ಕೆ ಆರೇ ದಿನ ಮೊದಲು, ಸೆಪ್ಟೆಂಬರ್ 8ರಂದು, ಅದೇ ಊರಿನ ಕ್ರೈಸ್ತರು ಮೊಂತಿ ಹಬ್ಬ ಮಾಡಿದ್ದರು. ಮಕ್ಕಳು ಮರಿಯಮ್ಮನಿಗೆ ಹೂವು ಅರ್ಪಿಸುವ, ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೆ ತಂದು, ಅದರ ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಹಾಕಿ ಮನೆಮಂದಿಯೆಲ್ಲ ಕೂಡಿ ಉಣ್ಣುವ ದಿನ ಅದು. ತೆನೆ ಹಿಡಿದ ಕೈಗಳ ಚಿತ್ರ ಆ ಮನೆಗಳ ಆಲ್ಬಮ್ಮಿನಲ್ಲಿರುತ್ತದೆ, ಒಡೆದ ಶಿಲುಬೆಯ ಚಿತ್ರ ನಮ್ಮ ದಾಖಲೆಗಳಲ್ಲಿ. ಇವೆರಡೂ ಒಂದೇ ಪುಟಕ್ಕೆ ಬಂದ ದಿನ ಮಾತ್ರ ಒಡೆದದ್ದು ಏನೆಂದು ಹೊರಗಿನವರಿಗೆ ಅರ್ಥವಾದೀತು. ನಮ್ಮಲ್ಲಿನ ಛಾಯಾಗ್ರಾಹಕರು ಆ ಆಲ್ಬಮ್ಮುಗಳನ್ನು ಕೇಳಿಕೊಂಡು ಮನೆಮನೆಗೆ ಹೋಗಲಿ ಎಂದು ಈ ವೇದಿಕೆಯಿಂದ ಕೇಳಿಕೊಳ್ಳುತ್ತೇನೆ. ಹಳೆಯ ಪ್ರಿಂಟುಗಳಿಗೆ ಬೂಷ್ಟು ಹಿಡಿಯಲು ಕರಾವಳಿಯ ಒಂದು ಮಳೆಗಾಲ ಸಾಕು.

ಮತ್ತೆ ಆ ಗೋಡೆಗೆ ಬರುತ್ತೇನೆ, ಏಕೆಂದರೆ ನನ್ನ ಅಳತೆಗೋಲಿಗೆ ಸಿಗದ ಒಬ್ಬ ಅಲ್ಲಿದ್ದಾನೆ. 21ರಲ್ಲಿ ಘಾನಾದವನಿಗೆ ಮಿನ್ಯಾದಲ್ಲಿ ಮನೆಯಿಲ್ಲ, ತಾಯಿಯಿಲ್ಲ, ಗೋಡೆಯಿಲ್ಲ. ಅವನು ಯಾವ ದೇಶದವನು ಎಂಬುದರಲ್ಲೇ ಮೊದಲು ಗೊಂದಲವಿತ್ತು. ವಿಡಿಯೊದ ಸಾಲಿನಲ್ಲಿ ಬೇರೆಯಾಗಿ ಕಾಣುವ ಕಪ್ಪು ಮುಖ ಅವನದು. ಉಳಿದ 20 ಮಂದಿಯ ದೇಹಗಳು 2017ರಲ್ಲಿ ಸಿರ್ತ್ ಬಳಿ ಸಿಕ್ಕಿ, 2018ರ ಮೇ ತಿಂಗಳಲ್ಲಿ ಊರಿಗೆ ಬಂದವು. ಅವನದು ಲಿಬಿಯಾದಲ್ಲೇ ಉಳಿಯಿತು. ಅಷ್ಟರಲ್ಲಾಗಲೇ ಅವನಿಗೂ ಉಳಿದವರಿಗೆ ಇಟ್ಟಂಥದೇ ಕಿರೀಟ ಇಟ್ಟಾಗಿತ್ತು, ಐಕಾನಿನಲ್ಲಿ ಅವನ ಮುಖ ಇತರರ ನಡುವೆ ಬಂದಾಗಿತ್ತು, 20 ಎಂದು ಎಣಿಸಬಹುದಾಗಿದ್ದ ಜನ 21 ಎಂದೇ ಎಣಿಸುತ್ತಿದ್ದರು. 2020ರಲ್ಲಿ ಅವನ ಅವಶೇಷಗಳನ್ನೂ ಈಜಿಪ್ಟಿಗೆ ತಂದು, ಅದೇ ಚರ್ಚಿನಲ್ಲಿ, ತನ್ನ ಜೊತೆ ಸತ್ತವರ ಪಕ್ಕದಲ್ಲಿ ಇರಿಸಿದರು.